ಎಡ ಸೀಟಿನ ಕಾಜಾ

ತಿಲಕ್ ನಗರದಲ್ಲಿ ಗಾಡಿ ಕೆಲಸದವರೆಲ್ಲ ಶಿವವ್ವನನ್ನು ‘ಕಾಜಾ ಶಿವವ್ವ’ ಎಂದೇ ಕರೆಯುತ್ತಾರೆ. ಅಂಗಿಯ ಗುಂಡಿ ತೂರಿಸಲು ಬಿಡುವ ಸೀಳು ಕಾಜಾ. ಕಾರಿನ ಸೀಟಿಗೆ ಕವರು ಹೊಲಿಯುವಾಗಲೂ ಅಂಥದ್ದೇ ಸೀಳು ಬಿಡಬೇಕಾಗುತ್ತದೆ. ಬೆಲ್ಟು ಹೊರಗೆ ಬರಲು ಒಂದು, ಸೀಟು ಮಡಚುವ ಲಿವರು ಹೊರಗೆ ಬರಲು ಇನ್ನೊಂದು. ಬೇರೆಯವರು ಕವರನ್ನು ಪೂರ್ತಿ ಹೊಲಿದು ಕೊನೆಗೆ ಕಾಜಾ ಕತ್ತರಿಸುತ್ತಾರೆ. ಶಿವವ್ವ ಮೊದಲು ಕಾಜಾ ಕತ್ತರಿಸಿ, ಅದರ ಅಂಚು ಹೊಲಿದು, ಆಮೇಲೆ ಉಳಿದದ್ದಕ್ಕೆ ಕೈ ಹಾಕುತ್ತಾಳೆ. ಕವರು ತೊಡಿಸಿದ ಮೇಲೆ ಕಣ್ಣು ಮುಚ್ಚಿಕೊಂಡು, ಬರೀ ಕೈ ಆಡಿಸಿ ಲಿವರು ಹುಡುಕುತ್ತಾಳೆ. ಸಿಕ್ಕರೆ ಮೂರು ಸಲ ಎಳೆದು ನೋಡುತ್ತಾಳೆ. ಅದಾಗುವ ತನಕ ಯಾವ ಗಾಡಿಯೂ ಅವಳ ಅಂಗಡಿಯ ಮುಂದಿನಿಂದ ಕದಲುವಂತಿಲ್ಲ.

“ಏನಕ್ಕಾ, ಪರೀಕ್ಷೆ ಪಾಸಾಯ್ತಾ?” ಎಂದು ಪಕ್ಕದ ಟಿಂಕರಿಂಗ್ ಶೆಡ್ಡಿನ ದ್ಯಾಮಣ್ಣ ದಿನಾ ಕಿಚಾಯಿಸುತ್ತಾನೆ. “ಕಣ್ಣಾಮುಚ್ಚಾಲೆ ಆಡೋ ವಯಸ್ಸೇನಕ್ಕಾ ಇದು?”

“ನೀನು ಬಡಿಯೋ ಡೆಂಟು ಬಡ್ಕೋ ಹೋಗೋ. ನನ್ನ ಕಣ್ಣು, ನಾನು ಮುಚ್ಕೋತೀನಿ.”

ಅಷ್ಟೇ ಅವಳ ಉತ್ತರ. ಯಾಕೆ ಹೀಗೆ ಎಂದು ಇಪ್ಪತ್ತೇಳು ವರ್ಷಗಳಲ್ಲಿ ಅವಳು ಒಬ್ಬರಿಗೂ ಹೇಳಿರಲಿಲ್ಲ.

ರಾಣೆಬೆನ್ನೂರಿನ ಕಡೆಯವಳು. ಬಸವಂತನನ್ನು ಮದುವೆಯಾಗಿ ಬೆಂಗಳೂರಿಗೆ ಬಂದಾಗ ಅವಳಿಗೆ ಬರುತ್ತಿದ್ದದ್ದು ಮೂರನೇ ಕ್ಲಾಸಿನ ಅಕ್ಷರ, ಕೌದಿ ಹೊಲಿಗೆ, ಇವೆರಡೇ. ಬಸವಂತ ಸೀಟು ಹೊಲಿಯುವ ಮೆಷಿನ್ನಿನ ಮುಂದೆ ಅವಳನ್ನು ಕೂರಿಸಿ, ಟೇಪಿನ ಮೇಲಿನ ಗೀರುಗಳನ್ನು ಓದಿಸಿದ. ಅವಳು ಪೇಪರು ಓದಲು ಈಗಲೂ ಅಕ್ಷರಕ್ಕೆ ಅಕ್ಷರ ಕೂಡಿಸಬೇಕು. ಆದರೆ ಅಳತೆಯಲ್ಲಿ ಅರ್ಧ ನೂಲು ಹೆಚ್ಚುಕಮ್ಮಿಯಾದರೆ ಬೆರಳಿಗೇ ತಿಳಿಯುತ್ತದೆ. ಬಸವಂತ ಹೋಗಿ ಒಂಬತ್ತು ವರ್ಷವಾಯಿತು. ಅವನ ಫೋಟೋ ಮೆಷಿನ್ನಿನ ಮೇಲೆ, ಗೋಡೆಯಲ್ಲಿದೆ. ಬೆಳಿಗ್ಗೆ ಷಟರು ಎತ್ತಿದ ಕೂಡಲೇ ಅದಕ್ಕೆ ವಿಭೂತಿ ಇಟ್ಟು, ಆಮೇಲೆ ಕತ್ತರಿ ಹಿಡಿಯುವುದು ಅವಳ ಪದ್ಧತಿ.

ಒಂದು ಸೋಮವಾರ ಅಂಗಡಿಯ ಮುಂದೆ ಒಂದು ಲಾರಿ ಬಂದು ನಿಂತಿತು. ಮೇಲೆ ಒಂದು ಕಾರು. ಉದ್ದ ಮೂತಿ, ತಗ್ಗು ಸೂರು, ಎರಡೇ ಬಾಗಿಲು. ಬಣ್ಣ ಮಾಸಿತ್ತು, ಆದರೂ ನಿಂತಲ್ಲೇ ಓಡುತ್ತಿರುವಂತೆ ಕಾಣುತ್ತಿತ್ತು. ಶಿವವ್ವನ ಕೈಯಲ್ಲಿದ್ದ ಸೀಮೆಸುಣ್ಣ ಜಾರಿ ಬಿತ್ತು.

“ಅಯ್ಯೋ ಗುರು, ಮಿಂಚು!” ಎಂದು ದ್ಯಾಮಣ್ಣ ಸುತ್ತಿಗೆ ಬಿಸಾಕಿ ಓಡಿಬಂದ. “ಇನ್ನೂ ಬದುಕಿದೆಯೇನೋ ಇದು! ನಮ್ಮ ಕಾಲದಲ್ಲಿ ಇದು ಹೋದ್ರೆ ಕಾಲೇಜು ಹುಡುಗೀರೆಲ್ಲ ತಿರುಗಿ ನೋಡ್ತಿದ್ರು.”

“ನಿನ್ನ ನೋಡ್ತಿದ್ರೇನೋ?”

“ನಾನು ಹಿಂದೆ ಸೈಕಲ್ಲಲ್ಲಿ ಇರ್ತಿದ್ನಲ್ಲಕ್ಕಾ.”

ಲಾರಿಯಿಂದ ಇಳಿದವನು ವಿಜಯಕುಮಾರ್, ನೀಲಾದ್ರಿ ಮೋಟಾರ್ಸ್ ಕಂಪನಿಯವನು. ಮಿಂಚು ಆ ಕಂಪನಿಯದೇ ಗಾಡಿ. ಈಗ ಕಂಪನಿಯ ಸ್ಥಿತಿ ಚೆನ್ನಾಗಿಲ್ಲ, ಜೆ.ಪಿ. ನಗರದ ಶೋರೂಮಿನಲ್ಲಿ ಅರ್ಧ ಜಾಗವನ್ನು ಸೋಫಾ ಅಂಗಡಿಯವರಿಗೆ ಬಿಟ್ಟುಕೊಟ್ಟಿದ್ದಾರೆ. ಹೊಸ ಗಾಡಿ ಯಾವುದೂ ಕೈ ಹಿಡಿಯಲಿಲ್ಲ. ಹಾಗಾಗಿ ಹಳೆಯ ಮಿಂಚನ್ನೇ ಹೊಸದಾಗಿ ತರೋಣ ಎಂದು ಕೆಲವರು, ಬೇಡವೇ ಬೇಡ ಎಂದು ಕೆಲವರು. ಭಾನುವಾರ ಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ಹಳೆಯ ಮಾಲೀಕರನ್ನೂ ಕೆಲಸದವರನ್ನೂ ಸೇರಿಸಿ ಕೇಳುತ್ತಾರಂತೆ. ಅಲ್ಲಿ ನಿಲ್ಲಿಸಲು ಈ ಗಾಡಿಗೆ ಸೀಟು ಕವರು ಆಗಬೇಕು.

“ಹಳೇ ಓನರ್‌ಗಳು ಎಲ್ರೂ ನಿಮ್ಮ ಹೆಸರೇ ಹೇಳಿದ್ರಮ್ಮ. ಮಿಂಚು ಸೀಟು ಅಂದ್ರೆ ಬಸವಂತಣ್ಣ, ಶಿವವ್ವ. ಅದೇ ಮೆರೂನ್ ಮಖಮಲ್ಲು ಇರಬೇಕಂತೆ.”

“ನನ್ನಿಂದಾಗಲ್ಲಪ್ಪ. ಬೇರೆ ಯಾರನ್ನಾದ್ರೂ ನೋಡಿ.”

“ಯಾಕಮ್ಮಾ?”

“ಕಣ್ಣು ಮಂಜು.”

“ಮುಚ್ಕೊಂಡೇ ಮಾಡೋರಿಗೆ ಮಂಜಾದ್ರೇನು!” ಎಂದ ದ್ಯಾಮಣ್ಣ.

ವಿಜಯಕುಮಾರ ನಗಲಿಲ್ಲ. ಅವನು ತಗ್ಗಿದ ದನಿಯಲ್ಲಿ ಹೇಳಿದ: “ನೋಡಿ ಅಮ್ಮ, ಇದು ನಡೀಲಿಲ್ಲ ಅಂದ್ರೆ ಯುಗಾದಿ ಹೊತ್ತಿಗೆ ಶೋರೂಮೇ ಇರಲ್ಲ. ನಾವು ನಲವತ್ತು ಜನ. ಅದರ ಮೇಲೆ ಸೇತುರಾಮ ಅಂತ ಗಿರಿನಗರದೋರು ಒಬ್ರು ಬರ್ತಾ ಇದಾರೆ. ಅವರು ಎದ್ದು ನಿಂತ್ರೆ ಮುಗೀತು ಕಥೆ. ಅವರ ತಾಯಿ ಕೂತಿದ್ದ ಮಿಂಚು ಗಾಡಿಗೆ ಬೆಂಕಿ ಬಿದ್ದಿತ್ತಲ್ಲ, ಕೇಳಿರಬೇಕು ನೀವು.”

ಶಿವವ್ವ ಕೇಳಿದ್ದಳು. ಅವಳು ಬಗ್ಗಿ ಸೀಮೆಸುಣ್ಣ ಎತ್ತಿಕೊಂಡು, “ಗಾಡಿ ಇಳಿಸಿ” ಎಂದಳು.

ಆವತ್ತು ಮಧ್ಯಾಹ್ನ ಊಟಕ್ಕೂ ಏಳದೆ ಅವಳು ಸೀಟುಗಳ ಹಳೆಯ ಬಟ್ಟೆ ಬಿಚ್ಚಿದಳು. ಎರಡೇ ಬಾಗಿಲಿನ ಗಾಡಿಯಲ್ಲಿ ಹಿಂದೆ ಕೂತವರು ಇಳಿಯಬೇಕಾದರೆ ಮುಂದಿನ ಸೀಟು ಮಡಚಲೇಬೇಕು. ಅದನ್ನು ಮಡಚುವ ಲಿವರು ಸೀಟಿನ ಭುಜದಲ್ಲಿ, ಬಾಗಿಲಿನ ಕಡೆಗೆ ಇರುತ್ತದೆ. ಎಡ ಸೀಟಿನ ಲಿವರಿಗೆ ಅವಳು ಬೆರಳು ಹಾಕಿ ಎಳೆದಳು. ಇಷ್ಟು ವರ್ಷ ಎಣ್ಣೆ ಕಾಣದ ಗಾಡಿ. ‘ಟಕ್’ ಎಂದಿತು, ಸೀಟು ಮುಂದಕ್ಕೆ ಬಾಗಿತು. ಮತ್ತೆ ಎಳೆದಳು, ಮತ್ತೆ ಬಾಗಿತು. ಹತ್ತು ಸಲ ಎಳೆದಳು. ಒಂದು ಸಲವಾದರೂ ಕಚ್ಚಿಕೊಳ್ಳಲಿ ಎಂದು ಅವಳ ಮನಸ್ಸು ಕೇಳುತ್ತಿತ್ತು. ಅದು ಕಚ್ಚಿಕೊಳ್ಳಲಿಲ್ಲ.

ಇಪ್ಪತ್ತೇಳು ವರ್ಷದ ಹಿಂದೆ, ಆಯುಧಪೂಜೆಯ ದಿನ. ಅಂಗಡಿಯ ಮುಂದೆ ಹದಿನೇಳು ಗಾಡಿಗಳು ಸಾಲುಗಟ್ಟಿದ್ದವು. ಹಬ್ಬದ ಪೂಜೆಗೆ ಎಲ್ಲರಿಗೂ ಹೊಸ ಕವರೇ ಬೇಕು. ಬಸವಂತ ಫೋಮು ತರಲು ಹೋಗಿದ್ದ. ಹೋಗುವಾಗ ಹೇಳಿದ್ದ: “ಮಿಂಚು ಗಾಡೀದು ಜೋಪಾನ. ಲಿವರಿಗೆ ಎರಡೂ ಸೀಟಿನಲ್ಲಿ ಕಾಜಾ ಬಿಡು.” ಶಿವವ್ವ ಒಬ್ಬಳೇ ಮೇಜಿನ ಮುಂದೆ. ಗಾಡಿಯ ಮಾಲೀಕ ಸೇತುರಾಮ, ಮೂವತ್ತರ ಹುಡುಗ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. “ಅಕ್ಕಾ, ಐದು ಗಂಟೆಗೆ ಪೂಜೆ. ಅಮ್ಮ ಕಾಯ್ತಾ ಇದಾರೆ.”

ಬಲ ಸೀಟು, ಎಡ ಸೀಟು ಎಂದರೆ ಬಲಗಾಲಿನ ಚಪ್ಪಲಿ, ಎಡಗಾಲಿನ ಚಪ್ಪಲಿ ಇದ್ದ ಹಾಗೆ. ಒಂದರ ಅಳತೆಯ ಕಾಗದವನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಆ ಅವಸರದಲ್ಲಿ ಅವಳು ಕಾಗದ ಮಗುಚದೆ ಎರಡನ್ನೂ ಬಲಕ್ಕೇ ಕತ್ತರಿಸಿಬಿಟ್ಟಳು. ಬೇರೆ ಬಟ್ಟೆಯಾಗಿದ್ದರೆ ಒಳಹೊರಗು ತಿರುಗಿಸಿ ಹೊಲಿಯಬಹುದಿತ್ತು. ಮಖಮಲ್ಲಿಗೆ ಒಂದೇ ಮೈ. ಹೊಸದಾಗಿ ಕತ್ತರಿಸಲು ಮೆರೂನ್ ಬಟ್ಟೆ ಮುಗಿದಿತ್ತು. ಎಡ ಸೀಟಿನ ಕಾಜಾ ಬಾಗಿಲಿನ ಕಡೆ ಇರಬೇಕಾದದ್ದು ಗೇರಿನ ಕಡೆಗೆ ಬಂದು, ಲಿವರಿಲ್ಲದ ಜಾಗದಲ್ಲಿ ಬಾಯಿ ಬಿಟ್ಟುಕೊಂಡು ಕೂತಿತ್ತು.

ಅವಳು ಆ ಬಾಯನ್ನು ಒಳಗಿನಿಂದ ಸಣ್ಣ ಹೊಲಿಗೆ ಹಾಕಿ ಮುಚ್ಚಿದಳು. ಬಾಗಿಲಿನ ಕಡೆ ಹೊಸ ಕಾಜಾ ಕತ್ತರಿಸಿ ಅಂಚು ಕಟ್ಟಲು ಮುಕ್ಕಾಲು ಗಂಟೆ ಬೇಕು. ಹಾಗೇ ಸೀಳಿಬಿಟ್ಟರೆ ಮಖಮಲ್ಲಿನ ನೂಲು ಬಿಟ್ಟುಕೊಳ್ಳುತ್ತದೆ, ಬಸವಂತ ನೋಡಿದರೆ ಬೈಯುತ್ತಾನೆ. ಹಬ್ಬ ಕಳೆಯಲಿ, ಗಾಡಿ ಕರೆಸಿ ಮಾಡಿಕೊಡೋಣ ಎಂದುಕೊಂಡಳು. ಲಿವರು ಬಟ್ಟೆಯ ಕೆಳಗೆ ಉಳಿಯಿತು. ಮೇಲೆ ಒಂದು ಸುಕ್ಕಿಲ್ಲ.

“ಏನಕ್ಕಾ, ಸಖತ್ತಾಗಿದೆ! ಎಲ್ಲಾ ಆಯ್ತಾ?” ಎಂದು ಸೇತುರಾಮ ಕೇಳಿದ.

“ಎಲ್ಲಾ ಆಯ್ತು ಸಾರ್” ಎಂದಳು ಶಿವವ್ವ.

ಗಾಡಿ ಹೋಯಿತು. ಹಬ್ಬ ಕಳೆಯಿತು. ನಾಳೆ ಫೋನು ಮಾಡಿಸೋಣ, ನಾಳಿದ್ದು ಮಾಡಿಸೋಣ ಎನ್ನುವುದರಲ್ಲಿ ಹನ್ನೆರಡು ದಿನ ಹೋದವು. ಹದಿಮೂರನೆಯ ದಿನ ಬನಶಂಕರಿ ಬಸ್ ಸ್ಟಾಂಡಿನ ಹತ್ತಿರ ಆ ಗಾಡಿಯ ಸ್ಟೇರಿಂಗಿನ ಕೆಳಗೆ ಹೊಗೆ ಎದ್ದಿತು. ಯಾರೋ ಹಾಡಿನ ಡಬ್ಬಿ ಕೂರಿಸುವಾಗ ವೈರನ್ನು ಹೇಗೋ ಸುತ್ತಿದ್ದರಂತೆ. ಹಿಂದೆ ಸೇತುರಾಮನ ತಾಯಿ ಪಾರ್ವತಮ್ಮ ಕೂತಿದ್ದರು. ಮನೆಯ ಮುಂದೆ ಗಾಡಿಯ ಎಡ ಮೈ ಗೋಡೆಗೆ ಒತ್ತಿರುತ್ತಿದ್ದರಿಂದ ಅವರು ಹತ್ತುವುದು, ಇಳಿಯುವುದು ಯಾವಾಗಲೂ ಬಲಗಡೆಯಿಂದ. ಆವತ್ತು ಬೆಂಕಿ ಇದ್ದದ್ದೇ ಬಲಗಡೆ. ಸೇತುರಾಮ ಹಾರಿ, ಸುತ್ತಿಕೊಂಡು ಎಡ ಬಾಗಿಲಿಗೆ ಓಡಿದ. ಸೀಟು ಮಡಚಲಿಲ್ಲ. ಕೊನೆಗೆ ಬಾಳೆಹಣ್ಣಿನ ಗಾಡಿಯವನೊಬ್ಬ ಸೀಟಿನ ಮೇಲಿನಿಂದಲೇ ಅವರನ್ನು ಹೊತ್ತು ಎಳೆದ. ಜೀವ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಸುಟ್ಟು, ಮತ್ತೆ ನೆಟ್ಟಗಾಗಲಿಲ್ಲ. ಗಾಡಿ ಸೀಟುಗಳ ಸಮೇತ ಬೂದಿಯಾಯಿತು.

ಪೇಪರಿನಲ್ಲಿ ಬಂತು: ಮಿಂಚು ಗಾಡಿಯ ಲಿವರು ಕಚ್ಚಿಕೊಂಡಿತ್ತು, ಎರಡು ಬಾಗಿಲಿನ ಗಾಡಿ ಬೋನಿದ್ದ ಹಾಗೆ. ಶಿವವ್ವ ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಪೂರ್ತಿ ಓದಿದಳು. ಪೆಟ್ರೋಲು ಜಾಸ್ತಿ ಕುಡಿಯುತ್ತದೆ ಎಂದು ಜನ ಮೊದಲೇ ಗೊಣಗುತ್ತಿದ್ದರು, ಇದರ ಮೇಲೆ ಯಾರೂ ಕೊಳ್ಳಲಿಲ್ಲ. ಒಂದೂವರೆ ವರ್ಷಕ್ಕೆ ಮಿಂಚು ನಿಂತಿತು.

ಪೇಪರು ಬಂದ ದಿನ ಬಸವಂತ ಊಟದ ತಟ್ಟೆಯ ಮುಂದೆ ಕೂತು ಒಂದೇ ಮಾತು ಕೇಳಿದ್ದ: “ಎಡ ಸೀಟಿಗೆ ಕಾಜಾ ಬಿಟ್ಟಿದ್ಯಾ?”

“ಬಿಟ್ಟಿದ್ದೆ” ಎಂದಿದ್ದಳು.

ಅವನು ತಲೆಯಾಡಿಸಿ ತುತ್ತು ಎತ್ತಿಕೊಂಡ. ಸಾಯುವ ತನಕ ಮತ್ತೆ ಕೇಳಲಿಲ್ಲ. ನಂಬಿದ್ದಕ್ಕೆ ಕೇಳಲಿಲ್ಲವೋ, ತಿಳಿದೇ ಕೇಳಲಿಲ್ಲವೋ, ಅದು ಅವಳಿಗೆ ಇವತ್ತಿಗೂ ತಿಳಿಯದು.

ವಿಜಯಕುಮಾರ ತಂದ ಗಾಡಿಗೆ ಆರು ದಿನ ಹೊಲಿದಳು. ಕಾಗದವನ್ನು ಮಗುಚಿ ಹಾಕಿದ ಮೇಲೆ ಮೂರು ಸಲ ಅಳೆದು ನಾಲ್ಕನೆಯ ಸಲ ಕತ್ತರಿಸಿದಳು. ಭಾನುವಾರ ದ್ಯಾಮಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು, “ನಡೀ ಅಕ್ಕಾ, ಬಿಟ್ಟಿ ತಿಂಡಿ ಇರುತ್ತೆ” ಎಂದು ಆಟೋ ಕರೆದ.

ಕಲ್ಯಾಣ ಮಂಟಪದ ಅಂಗಳದಲ್ಲಿ ಮಿಂಚನ್ನು ತೊಳೆದು, ಹೂವು ಹಾಕಿ ನಿಲ್ಲಿಸಿದ್ದರು. ಸುತ್ತ ಕುರ್ಚಿ, ಐವತ್ತು ಅರವತ್ತು ಜನ. ಮೈಕು ಕೈಯಿಂದ ಕೈಗೆ ಹೋಗುತ್ತಿತ್ತು.

“ಬಿ.ಟಿ.ಎಂ. ಸಿಗ್ನಲ್ಲಲ್ಲಿ ಮುಕ್ಕಾಲು ಗಂಟೆ ನಿಲ್ಲೋಕೆ ಸ್ಪೋರ್ಟ್ಸ್ ಕಾರು ಯಾಕೆ ಸ್ವಾಮಿ?” ಎಂದರು ಒಬ್ಬರು.

“ನಿಂತಾಗ್ಲಾದ್ರೂ ಚೆನ್ನಾಗಿ ಕಾಣ್ಬೇಕಲ್ಲ ಅಂಕಲ್!” ಎಂದಿತು ಹಿಂದಿನಿಂದ ಒಂದು ಎಳೆ ದನಿ. ಎಲ್ಲರೂ ನಕ್ಕರು.

“ಬ್ಯಾಟರಿ ಹಾಕಿ ತನ್ನಿ, ಮೂತಿ ಮಾತ್ರ ಬದಲಾಯಿಸ್ಬೇಡಿ.”

“ನಮ್ಮ ಅಜ್ಜಿ ಹಿಂದೆ ಹೇಗೆ ಹತ್ತುತ್ತೆ ಅದ್ ಹೇಳಿ ಮೊದ್ಲು.”

ಆಗ ಸೇತುರಾಮ ಎದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಶಿವವ್ವನಿಗೆ ಗುರುತು ಹತ್ತಿದ್ದು ನಿಂತಲ್ಲಿ ನಿಲ್ಲದ ಆ ಕಾಲಿನಿಂದ.

“ನಾನು ಹೆಚ್ಚು ಮಾತಾಡಲ್ಲ. ಈ ಗಾಡಿ ಅಂದ್ರೆ ನನಗೂ ಪ್ರಾಣ ಇತ್ತು. ಆದರೆ ಆವತ್ತು ಲಿವರ್ ಜಾಮ್ ಆಯ್ತು. ನನ್ನ ತಾಯಿಗೆ ಈಗ ಎಂಬತ್ಮೂರು. ಇಪ್ಪತ್ತೇಳು ವರ್ಷದಿಂದ ನಾನು ಓಡಿಸೋ ಯಾವ ಕಾರಿಗೂ ಅವರು ಹತ್ತಿಲ್ಲ. ಆಸ್ಪತ್ರೆಗೂ ಆಟೋದಲ್ಲೇ ಹೋಗ್ತಾರೆ. ಇದನ್ನ ಮತ್ತೆ ತರ್ಬೇಡಿ. ಅಷ್ಟೇ.”

ವಿಜಯಕುಮಾರ ಕರವಸ್ತ್ರದಿಂದ ಕತ್ತು ಒರೆಸಿಕೊಂಡು, “ಸಾರ್, ಒಂದ್ಸಲ ನೀವೇ ಎಳೆದು ನೋಡಿ. ಅದೇ ಹಳೇ ಲಿವರು, ನಾವು ಮುಟ್ಟೇ ಇಲ್ಲ” ಎಂದ.

ಸೇತುರಾಮ ಬೇಡವೆನ್ನುತ್ತಲೇ ಹೋದರು. ಎಡ ಬಾಗಿಲು ತೆಗೆದು ಬಗ್ಗಿದರು. ನೋಡದೆಯೇ ಅವರ ಕೈ ನೇರ ಸೀಟಿನ ಭುಜಕ್ಕೆ, ಲಿವರಿನ ಜಾಗಕ್ಕೇ ಹೋಯಿತು. ‘ಟಕ್.’ ಸೀಟು ಬಾಗಿತು. ಜನ ಚಪ್ಪಾಳೆ ತಟ್ಟಿದರು. ಸೇತುರಾಮ ಮಾತ್ರ ಸೀಟನ್ನು ನೋಡಲಿಲ್ಲ. ತಮ್ಮ ಬಲಗೈಯನ್ನು ಬೆಳಕಿಗೆ ಹಿಡಿದು, ಅಪರಾಧಿಯನ್ನು ನೋಡುವಂತೆ ಅದನ್ನೇ ನೋಡುತ್ತ ನಿಂತರು.

ಆ ನೋಟ ಶಿವವ್ವನಿಗೆ ಗೊತ್ತಿತ್ತು. ತನ್ನ ಕೈಯನ್ನು ತಾನು ದಿನಾ ನೋಡುವುದು ಹಾಗೆಯೇ.

ಅವಳು ಎದ್ದಳು. “ಎಲ್ಲಿಗಕ್ಕಾ, ತಿಂಡಿ ಇನ್ನೂ ಕೊಟ್ಟಿಲ್ಲ” ಎಂದು ದ್ಯಾಮಣ್ಣ ಸೆರಗು ಹಿಡಿದ. ಬಿಡಿಸಿಕೊಂಡು ಗಾಡಿಯ ಹತ್ತಿರ ಹೋದಳು. ಯಾರೋ ಮೈಕು ಕೊಡಲು ಬಂದರೆ ಬೇಡವೆಂದಳು.

“ಸಾರ್, ನಿಮ್ಮ ಕೈ ಸರಿಯಾಗೇ ಹೋಗಿತ್ತು ಆವತ್ತು.”

ಸೇತುರಾಮ ತಿರುಗಿದರು. “ಯಾರಮ್ಮಾ ನೀವು?”

“ತಿಲಕ್ ನಗರದ ಸೀಟು ಅಂಗಡಿ. ನಿಮ್ಮ ಮೆರೂನ್ ಕವರು ಹೊಲಿದೋಳು. ಬಲಗಡೆ ಸೀಟಿಗೆ ಲಿವರು ಹೊರಗೆ ಬಿಟ್ಟಿದ್ದೆ. ಎಡಗಡೆ ಬಿಟ್ಟಿರಲಿಲ್ಲ. ತಪ್ಪಾಗಿ ಕತ್ತರಿಸಿದ್ದೆ. ಬಟ್ಟೆ ಮುಗಿದಿತ್ತು. ಹಬ್ಬ ಆದ್ಮೇಲೆ ಸರಿ ಮಾಡೋಣ ಅಂದ್ಕೊಂಡು ಮುಚ್ಚಿಬಿಟ್ಟೆ. ಎಲ್ಲಾ ಆಯ್ತಾ ಅಂತ ನೀವು ಕೇಳಿದ್ರಿ. ಆಯ್ತು ಅಂದೆ. ಲಿವರು ಕಚ್ಕೊಂಡಿರಲಿಲ್ಲ ಸಾರ್. ಬಟ್ಟೆ ಕೆಳಗಿತ್ತು.”

ಇಷ್ಟನ್ನೂ ಅವಳು ಅಳತೆ ಹೇಳುವ ದನಿಯಲ್ಲೇ ಹೇಳಿದಳು. ದನಿ ಒಡೆದದ್ದು ಒಂದೇ ಕಡೆ: “ನನ್ನ ಗಂಡನಿಗೂ ಸುಳ್ಳು ಹೇಳಿದ್ದೆ.”

ಸೇತುರಾಮ ಸೀಟಿನ ಭುಜದ ಕಾಜಾದ ಅಂಚಿನ ಮೇಲೆ ಬೆರಳು ಆಡಿಸಿದರು. ಆಮೇಲೆ, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ ಹೇಳಿದರು: “ಜಾಮ್ ಆಗಿತ್ತು ಅಂತ ಊರಿಗೆಲ್ಲ ಹೇಳ್ದೆ. ಜಾಮ್ ಅಲ್ಲ ಅಂತ ನನಗೆ ಗೊತ್ತಿತ್ತು. ಕೈಗೆ ಸಿಗಲೇ ಇಲ್ಲ ಅದು. ಹೆದ್ರಿ ಬೇರೆ ಎಲ್ಲೋ ತಡಕಾಡ್ದೆ ಅಂದ್ಕೊಂಡಿದ್ದೆ. ಅಮ್ಮ ಏನಂದ್ಕೊಂಡಿದಾರೆ ಗೊತ್ತಾ ನಿಮಗೆ? ನಾನು ಬಾಗಿಲು ತೆಗೆದು ಓಡಿಹೋದೆ ಅಂತ. ಅವರಿಗೆ ಕಂಡಿದ್ದು ಅಷ್ಟೇ. ಆಮೇಲೆ ಬರೀ ಹೊಗೆ.”

ಶಿವವ್ವನಿಗೆ ಕಾಲಿನ ಲೆಕ್ಕ ಒಂದೇ ಗೊತ್ತಿತ್ತು. ತಾಯಿ ಮಗನ ನಡುವಿನ ಈ ಲೆಕ್ಕ ಇವತ್ತೇ ತಿಳಿದದ್ದು. ಅವಳು ಕಾರಿನ ಬಾಗಿಲು ಹಿಡಿದು ನಿಂತಳು.

ವಿಜಯಕುಮಾರನ ಮುಖ ಅರಳಿತ್ತು. “ಅಮ್ಮ, ಇದನ್ನೇ ಇನ್ನೊಂದ್ಸಲ ಮೊಬೈಲ್ ಮುಂದೆ ಹೇಳ್ತೀರಾ? ಗಾಡೀದು ತಪ್ಪಿಲ್ಲ ಅಂತ? ನಮ್ಮ ಕಂಪನಿ ಉಳಿಯುತ್ತೆ.”

“ಥೂ, ಸುಮ್ನಿರಪ್ಪ ನೀನು” ಎಂದು ದ್ಯಾಮಣ್ಣ ಅಡ್ಡ ಬಂದ. ಅವನ ಮುಖದಲ್ಲಿ ನಗೆಯಿರಲಿಲ್ಲ.

ಶಿವವ್ವ ವಿಜಯಕುಮಾರನನ್ನು ನೋಡಿ, “ಹೇಳ್ತೀನಪ್ಪ, ನಿಮ್ಮ ನಲವತ್ತು ಜನಕ್ಕೂ ನಾನು ಹೇಳ್ಬೇಕಾದ್ದೇ. ಆದ್ರೆ ಮೊದ್ಲು ಗಿರಿನಗರಕ್ಕೆ ಹೋಗ್ಬೇಕು” ಎಂದಳು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದಳು. “ಗಾಡಿ ತರ್ಬೇಕಾ ಬೇಡ್ವಾ ಅಂದ್ರಲ್ಲ. ತನ್ನಿ. ಆದ್ರೆ ಹಿಂದೆ ಕೂತೋರ ಕೈಗೆ ಸಿಗೋ ಹಾಗೆ ಇನ್ನೊಂದು ಲಿವರು ಇಡಿ. ನನ್ನಂಥೋಳು ಒಬ್ಳು ಮುಂದಿಂದು ಮುಚ್ಚಿದ್ರೂ ಅವರು ತಾವೇ ಎಳ್ಕೊಂಡು ಇಳೀಬೇಕು.”

ಗಿರಿನಗರದ ಮನೆಯ ಮುಂದಿನ ಕೋಣೆಯಲ್ಲಿ ಪಾರ್ವತಮ್ಮ ಕಾಲು ಚಾಚಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಸೀರೆಯ ಅಂಚಿನ ಕೆಳಗೆ ಆ ಕಾಲಿನ ಚರ್ಮ ಸುಕ್ಕಾದ ರೆಕ್ಸಿನ್ನಿನ ಹಾಗಿತ್ತು. ಶಿವವ್ವ ಕೆಳಗೆ ಕೂತು, ಅಂಗಳದಲ್ಲಿ ಹೇಳಿದ್ದನ್ನೇ ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಹೇಳಿದಳು. ಪಾರ್ವತಮ್ಮನ ಬೆರಳು ಕಾಯಿ ಬಿಡಿಸುತ್ತಲೇ ಇತ್ತು. ಕೊನೆಗೆ ನಿಂತಿತು.

“ನುಣ್ಣಗೆ ಕೈಗೆ ಸಿಗ್ತಿತ್ತು ಆ ಬಟ್ಟೆ” ಎಂದರು. “ನಾನೂ ಒಳಗಿಂದ ತಡಕಾಡಿದ್ದೆ. ಆ ಕಡೆಯಿಂದ ಯಾರೋ ಅದನ್ನೇ ಉಜ್ತಾ ಇದ್ರು. ಬಾಳೆಹಣ್ಣಿನೋನು ಅಂದ್ಕೊಂಡಿದ್ದೆ.” ಬಾಗಿಲಲ್ಲಿ ನಿಂತ ಮಗನ ಕಡೆ ನೋಡಿದರು. “ನೀನೇನೋ ಅದು?”

ಸೇತುರಾಮ ತಲೆಯಾಡಿಸಿದರು. ಐವತ್ತೇಳರ ಆ ಮನುಷ್ಯ ಚೌಕಟ್ಟಿಗೆ ಹಣೆಯಿಟ್ಟರು.

“ಅಮ್ಮಾ, ನನ್ನ...” ಎಂದು ಶಿವವ್ವ ಬಾಯಿ ತೆಗೆದಳು.

“ಬೇಡ ಕಣೇ” ಎಂದರು ಪಾರ್ವತಮ್ಮ. “ಕ್ಷಮಿಸಿದೆ ಅನ್ನೋದು ನನ್ನ ಬಾಯಲ್ಲಿ ಬರಲ್ಲ. ಈ ಕಾಲು ದಿನಾ ಬೆಳಿಗ್ಗೆ ನೋಯುತ್ತೆ. ಕಾಲಾದ್ರೂ ಹೋಗ್ಲಿ, ಇವನನ್ನ ನಾನು ಇಷ್ಟು ವರ್ಷ... ನೀನು ಹನ್ನೆರಡು ದಿನ ಸುಮ್ನಿದ್ದಿದ್ದು ಒಂದು, ಆಮೇಲೆ ಸುಮ್ನಿದ್ದಿದ್ದು ಇನ್ನೊಂದು.” ಮತ್ತೊಂದು ಕಾಯಿ ಕೈಗೆತ್ತಿಕೊಂಡು, ಅದೇ ದನಿಯಲ್ಲಿ, “ಊಟ ಮಾಡಿದ್ಯಾ?” ಎಂದರು.

“ಇಲ್ಲಮ್ಮ.”

“ಮನೇಗ್ ಹೋಗಿ ಮಾಡು. ರಾಮೂ, ಕಾರು ತೆಗಿ. ಇವಳನ್ನ ಬಿಟ್ಟು ಬರೋಣ.”

ಸೇತುರಾಮನಿಗೆ ‘ಬರೋಣ’ ಎಂದದ್ದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಪಾರ್ವತಮ್ಮ ಆಗಲೇ ಕೋಲಿಗೆ ಕೈ ಚಾಚಿದ್ದರು.

ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರೂ ಕೂತರು. ನಾಲ್ಕು ಬಾಗಿಲಿನ ಕಾರು. ಆದರೂ ಪಾರ್ವತಮ್ಮ ತಿಲಕ್ ನಗರ ಬರುವ ತನಕ ಬಾಗಿಲಿನ ಹಿಡಿಯಿಂದ ಕೈ ತೆಗೆಯಲಿಲ್ಲ. ಶಿವವ್ವ ಆ ಹಿಡಿಯ ಮೇಲಿನ ಕೈಯನ್ನೇ ನೋಡುತ್ತ ಕೂತಿದ್ದಳು. ಅಂಗಡಿಯ ಮುಂದೆ ಇಳಿದಾಗ ಸೇತುರಾಮ ಕನ್ನಡಿಯಲ್ಲಿ ಒಮ್ಮೆ ನೋಡಿ, ಕಾರು ತಿರುಗಿಸಿದರು.

ಭಾನುವಾರವಾದರೂ ಅವಳು ಷಟರು ಎತ್ತಿದಳು. ಬೆಳಿಗ್ಗೆ ಹೊರಡುವ ಅವಸರದಲ್ಲಿ ಫೋಟೋಗೆ ವಿಭೂತಿ ಇಟ್ಟಿರಲಿಲ್ಲ. ಈಗ ಇಟ್ಟಳು. ಕೈ ತೆಗೆಯಲಾಗಲಿಲ್ಲ. ತಟ್ಟೆಯ ಮುಂದೆ ಕೂತು ತುತ್ತು ಎತ್ತದೆ ಕಾಯುತ್ತಿದ್ದ ಅವನ ಮುಖ ನೆನಪಾಯಿತು.

“ಬಿಟ್ಟಿರಲಿಲ್ಲ ರೀ” ಎಂದಳು ಶಿವವ್ವ.